ಜಿನಮತಿಬಾಯಿಯ ಬೆಳಗಿನ ಸಕ್ಕರೆ

ಜುಗೂಳದ ಜಿನಮತಿಬಾಯಿ ಹೊತ್ತು ಮುಳುಗಿದ ಮೇಲೆ ನೀರೊಂದು ಬಿಟ್ಟು ಬಾಯಿಗೆ ಏನೂ ಹಾಕಿದವಳಲ್ಲ. ದಿಗ್ಗೇವಾಡಿಯಿಂದ ಸೊಸೆಯಾಗಿ ಬಂದ ವರ್ಷವೇ, ಊರಿಗೆ ಬಂದಿದ್ದ ಮುನಿಗಳೆದುರು ಕೈಮುಗಿದು ಹಿಡಿದ ವ್ರತ ಅದು. ಹೆರಿಗೆಯ ದಿನವೂ ಮುರಿಯಲಿಲ್ಲ, ಗಂಡ ತೀರಿಕೊಂಡ ದಿನವೂ ಮುರಿಯಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹೊಲದಲ್ಲಿ ಬೆಲ್ಲದ ಕೊಪ್ಪರಿಗೆ ರಾತ್ರಿಯೆಲ್ಲ ಕುದಿಯುತ್ತಿತ್ತು. ಗಂಡನಿಲ್ಲದ ಮನೆಯ ಯಜಮಾನಿಕೆ ಆಕೆಯದೇ, ಅಲ್ಲೇ ನಿಂತಿರಬೇಕು. ಆಳುಗಳು ಕಬ್ಬಿನ ಸಿಬಿರಿಗೆ ಬಿಸಿ ಬೆಲ್ಲ ಸುತ್ತಿಕೊಂಡು ನೆಕ್ಕುತ್ತಿದ್ದರೆ, ಪಾಕ ಮುಟ್ಟಿ ನೋಡಿದ ಆಕೆ ಬೆರಳನ್ನು ನೀರಿನ ಚರಿಗೆಯಲ್ಲಿ ಅದ್ದಿ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಊರಿನ ಜೈನರ ಮನೆಗಳಲ್ಲಿ ಹುಡುಗಿಯೊಬ್ಬಳು ದಶಲಕ್ಷಣ ಪರ್ವದಲ್ಲಿ ಮೊದಲ ಉಪವಾಸ ಹಿಡಿಯುವುದಿದ್ದರೆ ತಾಯಂದಿರು ಜಿನಮತಿಬಾಯಿಯ ಬಳಿ ಕಳಿಸುತ್ತಿದ್ದರು. ಈ ಆಯಿಯ ಮಗ್ಗುಲಿಗೆ ಕೂತು ಹಿಡಿದ ಉಪವಾಸ ಅರ್ಧಕ್ಕೆ ಬಿಡುವುದಿಲ್ಲ ಎಂಬ ನಂಬಿಕೆ.

ಇಂಥ ಅತ್ತೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಹೆಚ್ಚು ಗಾಬರಿಯಾದವಳು ಸೊಸೆ ಪದ್ಮಜಾ. ಬೆಳಗಾವಿಯ ಇಂಗ್ಲಿಷ್ ಸಾಲೆಯಲ್ಲಿ ಓದಿದ ಹುಡುಗಿ, ಕೈಯಲ್ಲಿ ಎಳೆಗೂಸು. ಕೂಸು ಸೀನಿದರೆ ಜ್ವರವೆಂದು, ಸೀನದಿದ್ದರೆ ಮೂಗು ಕಟ್ಟಿದೆಯೆಂದು ಹೆದರುವ ಜೀವ. ಅತ್ತೆಯ ಕಾಲಿಗೆ ಮುಳ್ಳು ಚುಚ್ಚಿದರೂ ಆಕೆಯ ಕಣ್ಣಿಗೆ ಕತ್ತರಿಸಿದ ಕಾಲೇ ಕಾಣತೊಡಗಿತು.

ಗಡಿಯಾಚೆಯ ಮಿರಜದ ಡಾಕ್ಟರರು ಗುಳಿಗೆ ಬರೆದುಕೊಟ್ಟು, ಅನ್ನ, ಬೆಲ್ಲ ಪೂರ್ತಿ ಬಿಡಬೇಕು, ರೊಟ್ಟಿ ಮಧ್ಯಾಹ್ನ ಅರ್ಧ ಮಾತ್ರ, ಸಂಜೆಗೆ ಅದೂ ಬೇಡ ಎಂದಿದ್ದರು. ಸಂಜೆ ಹೊತ್ತಿರುವಾಗಲೇ ಹೀರೇಕಾಯಿ ಪಲ್ಯ, ಒಂದಿಷ್ಟು ಕಡಲೆಹಿಟ್ಟಿನ ಝುಣಕ, ಮೊಸರು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ.

"ರೊಟ್ಟಿ ಇಲ್ದ ಪಲ್ಯಾ ಉಣ್ಣೂದಂದ್ರ ಮದುಮಗಾ ಇಲ್ದ ಲಗ್ನಾ ಮಾಡಿದಂಗ ಆತು ನೋಡವಾ" ಎಂದಳು ಜಿನಮತಿಬಾಯಿ ಮೊದಲ ದಿನ. ಆಮೇಲೆ ಹಾಗೇ ಉಂಡಳು. ವ್ರತ ಪಾಲಿಸುವುದು ಆಕೆಗೆ ಹೊಸದಲ್ಲ.

ಆದರೂ ಆಷಾಢದಲ್ಲಿ ರಕ್ತ ತೋರಿಸಲು ಹೋದಾಗ ಬೆಳಗಿನ ಸಕ್ಕರೆ ಇನ್ನೂರರ ಹತ್ತಿರ ಬಂತು. ಡಾಕ್ಟರರು ಕಾಗದ ನೋಡಿ ನಕ್ಕರು. ಕೋಣೆಯ ಬಾಗಿಲು ತೆರೆದೇ ಇತ್ತು, ಅವರ ದನಿಯೂ ದೊಡ್ಡದು.

"ಆಜಿ, ರಾತ್ರೀ ಚೋರೂನ್ ಕಾಯ್ ಖಾತಾ?"

ರಾತ್ರಿ ಕದ್ದು ಏನು ತಿನ್ನುತ್ತೀರಿ ಎಂದು ಅವರು ಮರಾಠಿಯಲ್ಲಿ ಕೇಳಿದ್ದು ಚೇಷ್ಟೆಗೆ. ಆದರೆ ಹೊರಗೆ ಕಾಯುವವರ ಬಾಕಿನ ಮೇಲೆ ಮೊಣಕಾಲು ನೋವಿಗೆಂದು ಬಂದ, ಜುಗೂಳದವಳೇ ಆದ ಲಕ್ಷ್ಮಿಬಾಯಿ ಕೂತಿದ್ದಳು. ಕಿರಾಣಿ ಅಂಗಡಿಯ ಮನೆಯವಳು, ಜಿನಮತಿಬಾಯಿ ಮದುವೆಯಾಗಿ ಬಂದ ವರ್ಷವೇ ಊರಿಗೆ ಬಂದ ಸೊಸೆ. ಉಪ್ಪು, ಎಣ್ಣೆಯ ಜೊತೆ ಸುದ್ದಿಯನ್ನೂ ಕಟ್ಟಿಕೊಡುವ ಬಾಯಿ.

ನಿಜ ಹೇಳಬೇಕೆಂದರೆ ಪದ್ಮಜಾಳ ಮನಸ್ಸಿನಲ್ಲೂ ಅದೇ ಪ್ರಶ್ನೆ ಸುಳಿದಾಡುತ್ತಿತ್ತು. ಏನೂ ತಿನ್ನದೆ ಸಕ್ಕರೆ ಎಲ್ಲಿಂದ ಬರಬೇಕು? ಬಸ್ಸಿನಲ್ಲಿ ಕೂಸನ್ನು ತಟ್ಟುತ್ತ ತಡೆಯಲಾರದೆ ಕೇಳಿಯೇಬಿಟ್ಟಳು. "ಅತ್ತಿ, ಮರತರ ಏನರ… ಒಂದ್ ಚೂರ ಬೆಲ್ಲಾ?"

ಅತ್ತೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ಮನೆಗೆ ಬಂದವಳೇ ಸೊಂಟದ ಕೀಲಿಗೊಂಚಲು ಬಿಚ್ಚಿ ಸೊಸೆಯ ಉಡಿಯಲ್ಲಿ ಹಾಕಿದಳು. "ಅಡಗಿಮನಿ, ಕ್ವಾಣಿ, ಎಲ್ಲಾ ಕೀಲಿ ಹಾಕ. ನನ್ನ ಮಗ್ಗಲಕ್ಕ ಹಾಸ್ಕೊಂಡ ಮಲ್ಕೊ. ನೋಡಾಕರ ನೋಡು."

"ಹಂಗಲ್ರಿ ಅತ್ತಿ…"

"ಹಂಗ ಐತಿ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಒಂದು ಮಾತು. ಜಿನಮತಿಬಾಯಿ ತನಗೆ ಗೊತ್ತಿದ್ದ ಮದ್ದನ್ನೇ ಹಿಡಿದಳು, ಉಪವಾಸ. ದಿನವೂ ಬಸದಿಯಲ್ಲಿ ಅಭಿಷೇಕ ಮುಗಿಸಿಕೊಂಡು ಬಂದು ಉಣ್ಣುವಳು, ಈಗ ಅದನ್ನೂ ಮುಂದೂಡಿ ನಡುಹಗಲವರೆಗೆ ಬಾಯಿ ಕಟ್ಟಿದಳು. ಹೊಟ್ಟೆ ಖಾಲಿ ಇಟ್ಟಷ್ಟೂ ಸಕ್ಕರೆ ಇಳಿಯಬೇಕಲ್ಲ ಎಂಬುದು ಆಕೆಯ ಲೆಕ್ಕ. ಮುಖ ಬಾಡಿತು, ತಲೆ ತಿರುಗತೊಡಗಿತು. ಮಗ ಶಾಂತಿನಾಥ ಹೇಳಿ ನೋಡಿದ. "ಆಯಿ, ಹಿಂಗಾದ್ರ ನೀ ಉಳ್ಯಂಗಿಲ್ಲ."

"ಉಳದ ಮಾತ ಕೇಳೂಕಿಂತಾ ಅದ ಚಲೋ" ಎಂದಳು.

ಮಾತು ಕೇಳಿಬರುತ್ತಲೂ ಇತ್ತು. ಬಸದಿಯ ಕಟ್ಟೆಯ ಮೇಲೆ ಲಕ್ಷ್ಮಿಬಾಯಿ, "ಏನ ಜಿನಮತಿ, ಬೆಲ್ಲದ ಪೆಂಟಿ ದಿಂಬಿನ ಕೆಳಗ ಇಟ್ಟೀಯೇನ?" ಎಂದು ಎಲ್ಲರೆದುರು ನಗೆಯಾಡಿದಳು. ಆ ವರ್ಷ ಲಕ್ಷ್ಮಿಬಾಯಿಯ ಮೊಮ್ಮಗಳು ಸುಂದರಾ ಮೊದಲ ಉಪವಾಸ ಹಿಡಿಯಬೇಕಿತ್ತು. ಹುಡುಗಿಯನ್ನು ಬೇರೆಯವರ ಬಳಿ ಕೂಡಿಸುತ್ತೇವೆ ಎಂದು ಹೇಳಿಕಳಿಸಿದರು. ಅಂದು ಜಿನಮತಿಬಾಯಿ ಹಿತ್ತಲಿಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಪದ್ಮಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಕೀಲಿಗೊಂಚಲು ಆಕೆಯ ಸೊಂಟಕ್ಕೆ ಭಾರವಾಗಿತ್ತು.

ಆ ವಾರವೇ ಪದ್ಮಜಾ ಪುಣೆಯಲ್ಲಿದ್ದ ತನ್ನ ಅಣ್ಣನಿಗೆ ಊರಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಮನೆಯಲ್ಲೇ ರಕ್ತ ನೋಡುವ ಹೊಸ ಯಂತ್ರ ತರಿಸಿದಳು. ಅಂಗೈಯಷ್ಟು ಡಬ್ಬಿ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ಪಟ್ಟಿಗೆ ತಾಗಿಸಿದರೆ ಅಂಕಿ ಮೂಡುತ್ತಿತ್ತು. ಮೊದಲ ಸಲ ಚುಚ್ಚುವ ಮುಂಚೆ ಸೊಸೆ ಸೂಜಿಯನ್ನು ಕುದಿಸಿದಳು, ಸ್ಪಿರಿಟಿನಲ್ಲಿ ಒರೆಸಿದಳು, ಮತ್ತೆ ಕುದಿಸಲು ಹೊರಟಳು.

"ಸಾಕ ಬಿಡವಾ, ಸೂಜಿ ಸಾರಾದೀತು" ಎಂದಳು ಅತ್ತೆ.

ಮಲಗುವ ಮೊದಲು ನೋಡಿದರೆ ನೂರ ಮೂವತ್ತು, ತಕರಾರಿಲ್ಲದ ಅಂಕಿ. ಕೋಣೆಗಳಿಗೆ ಕೀಲಿ, ಕೀಲಿ ಪದ್ಮಜಾಳ ಬಳಿ, ಪದ್ಮಜಾಳ ಹಾಸಿಗೆ ಅತ್ತೆಯ ಮಗ್ಗುಲಿಗೆ. ಕೂಸು ಹಾಲಿಗೆ ಎದ್ದಾಗಲೆಲ್ಲ ಆಕೆಗೂ ಎಚ್ಚರ. ಅತ್ತೆ ಅಲುಗಾಡದೆ ಮಲಗಿದ್ದಳು. ಕೋಳಿ ಕೂಗುವ ಮುಂಚೆ ಕೂಸು ಅತ್ತಾಗ ಇನ್ನೊಮ್ಮೆ ಚುಚ್ಚಿದಳು, ಅಂಕಿ ಏರುತ್ತಿತ್ತು. ಬೆಳಕು ಹರಿದಾಗ ನೂರೆಂಬತ್ತು ದಾಟಿತ್ತು. ಅಭಿಷೇಕ ಮುಗಿಸಿ, ಇನ್ನೂ ಏನೂ ತಿನ್ನದೆ ಅತ್ತೆ ಮರಳಿ ಬಂದಾಗ ಇನ್ನಷ್ಟು ಮೇಲೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ಪದ್ಮಜಾ ಯಂತ್ರ ಕೆಳಗಿಟ್ಟು ಅತ್ತೆಯ ಕೈಯನ್ನೇ ಹಿಡಿದುಕೊಂಡು ಕೂತಳು. "ತಪ್ಪಾತ್ರಿ ಅತ್ತಿ" ಎಂದಳು.

"ಬೆರಳ ಬಿಡ, ಹಾಲ ಉಕ್ಕಾಕತ್ತೈತಿ" ಎಂದಳು ಜಿನಮತಿಬಾಯಿ.

ಈ ಸಲ ಡಾಕ್ಟರರ ಮುಂದೆ ಸೊಸೆಯೇ ಮಾತಾಡಿದಳು. ಅವರೂ ಒಳ್ಳೆಯ ಮನುಷ್ಯರೇ, ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. ಕೆಲವರ ಮೈ ಹೀಗೇ ಮಾಡುತ್ತದೆ ಎಂದು ತಿಳಿಸಿ ಹೇಳಿದರು. ಮನುಷ್ಯ ಏಳುವ ಮೊದಲೇ ಮೈ ಎದ್ದುಬಿಡುತ್ತದೆ, ದಿನದ ಕೆಲಸಕ್ಕೆಂದು ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಗಟ್ಟಿ ಮೈಯವರಲ್ಲಿ ಅದು ಅಲ್ಲಲ್ಲೇ ಕರಗುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಉಳಿದುಬಿಡುತ್ತದೆ. ಬೆಳಿಗ್ಗೆ ಬಾಯಿ ಕಟ್ಟಿದಷ್ಟೂ ಅದು ಬಿಡುತ್ತಲೇ ಇರುತ್ತದೆ. ಗುಳಿಗೆಯ ಹೊತ್ತು ಬದಲಿಸಿಕೊಟ್ಟರು. ಸಂಜೆ ಉಂಡು ಸ್ವಲ್ಪ ಅಡ್ಡಾಡಬೇಕು, ಬೆಳಿಗ್ಗೆ ಎದ್ದೊಡನೆ ನಡೆಯಬೇಕು, ತಡಮಾಡದೆ ಮೊಸರೋ ನಾಲ್ಕು ಶೇಂಗಾಕಾಳೋ ತಿನ್ನಬೇಕು ಎಂದರು. ಮಲಗುವಾಗ ಒಂದು ಬಟ್ಟಲು ಮೊಸರು ತಿಂದರೂ ಕೆಲವರಿಗೆ ಉಪಯೋಗವಾಗುತ್ತದೆ ಎಂದು ಸೇರಿಸಿದರು.

"ಅದೊಂದ ಬಿಟ್ಟ ಹೇಳ್ರಿ" ಎಂದಳು ಜಿನಮತಿಬಾಯಿ. ಎದ್ದು ನಿಂತವಳು ಬಾಗಿಲವರೆಗೆ ಹೋಗಿ, ಅದನ್ನು ಇನ್ನಷ್ಟು ತೆರೆದಳು. "ಡಾಕ್ಟರ್ ಸಾಹೇಬ್ರ, ಅವತ್ತ ಜೋರಾಗಿ ಕೇಳಿದ್ರಿ. ಇವತ್ತ ಮೆಲ್ಲಕ ಹೇಳಾಕತ್ತೀರಿ."

ಡಾಕ್ಟರರು ಎದ್ದು ಬಾಗಿಲಿಗೆ ಬಂದು, ಬಾಕಿನ ತುಂಬ ಕೂತವರಿಗೆ ಕೇಳುವಂತೆ, ಈ ಆಜಿ ರಾತ್ರಿ ಏನೂ ತಿನ್ನುವುದಿಲ್ಲ, ನಾನೇ ತಪ್ಪು ತಿಳಿದಿದ್ದೆ ಎಂದು ಮರಾಠಿಯಲ್ಲೂ ತಮಗೆ ಬರುವ ಕನ್ನಡದಲ್ಲೂ ಹೇಳಿದರು. ಅಂದು ಬಾಕಿನ ಮೇಲೆ ಜುಗೂಳದವರು ಒಬ್ಬರೂ ಇರಲಿಲ್ಲ. ಆದರೂ ಅತ್ತೆ ಮೆಟ್ಟಿಲಿಳಿದ ರೀತಿ ನೋಡಿ ಪದ್ಮಜಾಳಿಗೆ ತನ್ನದೇ ಎದೆ ಉಬ್ಬಿದಂತಾಯಿತು.

ಉಳಿದದ್ದು ಬೆಳಗಿನ ತಿನಿಸು. ದೇವರ ದರ್ಶನವಿಲ್ಲದೆ ತಿನ್ನುವವಳಲ್ಲ, ಅಭಿಷೇಕವಾಗುವುದು ಹೊತ್ತು ಮೇಲೇರಿದ ಮೇಲೆ. ಜಿನಮತಿಬಾಯಿ ಒಂದು ರಾತ್ರಿ ಯೋಚಿಸಿ ತಾನೇ ತೀರ್ಮಾನಿಸಿದಳು. ದರ್ಶನ ತನ್ನ ನೇಮ, ಅಭಿಷೇಕ ನೋಡುವುದು ತನ್ನ ಆಸೆ. ನೇಮಕ್ಕೆ ಹೊತ್ತು ಹುಟ್ಟುವಾಗ ಹೋದರಾಯಿತು, ಆಸೆಗೆ ತಿಂದು ಇನ್ನೊಮ್ಮೆ ಹೋದರಾಯಿತು. ಅಂದಿನಿಂದ ಹೊಳೆಯ ದಂಡೆಯ ದೂರದ ದಾರಿ ಹಿಡಿದು, ಕಬ್ಬಿನ ಹೊಲ ಸುತ್ತಿ, ಬಸದಿಯ ಬಾಗಿಲು ತೆರೆಯುವ ಹೊತ್ತಿಗೆ ಮೊದಲಿಗಳಾಗಿ ನಿಲ್ಲುತ್ತಿದ್ದಳು. ಬಂದು ಬಿಸಿಲಿನ ಕಟ್ಟೆಗೆ ಕೂತು ಮೊಸರು, ಹುರಿದ ಶೇಂಗಾ ತಿನ್ನುವಳು. ಬೆಳಗಿನ ಅಂಕಿ ಒಮ್ಮೆಲೇ ಇಳಿಯಲಿಲ್ಲ. ಹಟ ಮಾಡುತ್ತ, ಒಂದು ದಿನ ಮತ್ತೆ ಏರಿ ಸೊಸೆಯನ್ನು ಅಳಿಸಿ, ಕೊನೆಗೆ ನೂರ ಮೂವತ್ತರ ಆಸುಪಾಸು ಬಂದು ನಿಂತಿತು.

ಊರಲ್ಲೆಲ್ಲ ಹೇಳಿಬರಬೇಕೆಂದು ಪದ್ಮಜಾಳ ಕಾಲು ತುಡಿಯುತ್ತಿತ್ತು. "ನಾ ಹೋಗಿ ಲಕ್ಷ್ಮಿಬಾಯಾರ್ಗೆ ಹೇಳಿ ಬರ್ತೀನ್ರಿ ಅತ್ತಿ."

"ಯಾರ ಮನಿಗೂ ಹೋಗಬ್ಯಾಡ. ನಾ ತಿಂದಿಲ್ಲಾ ಅಂತ ಡಂಗುರಾ ಹೊಡ್ಯೂದು ನಮ್ಮ ಮನಿತನಕ್ಕ ಶೋಭಸಂಗಿಲ್ಲ."

ಡಾಕ್ಟರರ ಮಾತು ಹೇಗೋ ಮಿರಜದಿಂದ ಊರಿಗೆ ಬಂದೇ ಬಂತು. ಪರ್ವ ಹತ್ತಿರವಾದಾಗ ಒಂದು ಬೆಳಿಗ್ಗೆ, ಜಿನಮತಿಬಾಯಿ ಚಪ್ಪಲಿ ಮೆಟ್ಟುತ್ತಿರುವಾಗ ಲಕ್ಷ್ಮಿಬಾಯಿ ಕುಂಟುತ್ತ ಅಂಗಳಕ್ಕೆ ಬಂದಳು. ಪದ್ಮಜಾಳ ಮುಂದೆ ಬೆರಳು ಚಾಚಿದಳು. "ನಂದೂ ಒಂದ ಸರ್ತಿ ಚುಚ್ಚ ನೋಡೂಣು."

ಅಂಕಿ ಇನ್ನೂರು ದಾಟಿತ್ತು. ಪದ್ಮಜಾ ಅದನ್ನು ಓದಿ ಹೇಳಿದಾಗ, ಬಾಯಿ ಎಂದೂ ಸೋಲದ ಹೆಂಗಸಿನ ಮುಖ ಬಿಳುಚಿಕೊಂಡಿತು. ಆಕೆ ಜಿನಮತಿಬಾಯಿಯ ಕಡೆ ತಿರುಗಿದಳು. ದನಿ ಇಳಿದಿತ್ತು.

"ಜಿನಮತಿ, ನಾನೂ ರಾತ್ರಿ ಏನೂ ತಿನ್ನಂಗಿಲ್ಲಬೇ."

"ನಾ ಕೇಳಲಿಲ್ಲಲ್ಲ" ಎಂದಳು ಜಿನಮತಿಬಾಯಿ.

ಲಕ್ಷ್ಮಿಬಾಯಿ ಸೆರಗಿನ ತುದಿಯಿಂದ ಬೆರಳು ಒತ್ತಿ ಹಿಡಿದಳು. "ಸುಂದರಾನ್ನ ನಿನ್ನ ಕಡೆನ ಕೂಡಸ್ತೀನಿ. ಬ್ಯಾರೆ ಯಾರ ಕಡೆನೂ ಒಲ್ಲೆ ಅಂತಾಳ."

"ಕಳಸ. ಮತ್ತ ನೀನೂ ನಡಿ, ಹೊಳಿ ದಂಡಿ ಮ್ಯಾಲಿಂದ ಹೋಗೂಣು. ಮೊಣಕಾಲ ನೋವಂದ್ರ ಮೆಲ್ಲಕ ನಡಿ, ನಂಗೇನ ಅವಸರಿಲ್ಲ."

ಪದ್ಮಜಾ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಇಬ್ಬರೂ ಕಬ್ಬಿನ ನಡುವಿನ ದಾರಿಗೆ ಇಳಿದಿದ್ದರು. ಅತ್ತೆ ಮುಂದೆ, ತಲೆ ಎತ್ತಿಯೇ ನಡೆಯುತ್ತಿದ್ದಳು, ಹಿಂದಿನವಳಿಗಾಗಿ ಅಲ್ಲಲ್ಲಿ ನಿಲ್ಲುತ್ತ.