ಹಿಂದಕ್ಕೆ ಉಗುಳುವ ಮೂತಿ

ಊರಿನ ಒಳಚರಂಡಿ ಇಲಾಖೆಯಲ್ಲಿ ಅವನಷ್ಟು ಹೇಸುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಬೇರೆಯವರು ಕುಡಿದಿಟ್ಟ ಲೋಟವನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ಬಾಚಣಿಗೆಯಲ್ಲಿ ಹೆಂಡತಿಯ ಕೂದಲು ಕಂಡರೂ ಅವನಿಗೆ ಆ ಹೊತ್ತಿನ ಊಟ ಸೇರುತ್ತಿರಲಿಲ್ಲ. ಅಂಥವನ ಹಣೆಗೆ ಅಂಟಿದ್ದು ಚರಂಡಿ ತೊಳೆಯುವ ಜೆಟ್ಟಿಂಗ್ ಗಾಡಿ. ಜೊತೆಯವರು ಅವನಿಗೆ ನಾಜೂಕಯ್ಯ ಎಂದು ಹೆಸರಿಟ್ಟರು. ಹೆಂಡತಿಯೂ ಸಿಟ್ಟು ಬಂದಾಗ ಅದನ್ನೇ ಕೂಗುತ್ತಿದ್ದಳು.

ಅವನ ಹೇಸಿಗೆ ಗಲೀಜಿಗಿಂತ ಹೆಚ್ಚಾಗಿ ಅದನ್ನು ಮಾಡಿದವರ ಮೇಲಿತ್ತು. ಕರಿದ ಎಣ್ಣೆ, ಮಗುವಿನ ಡೈಪರು, ಹರಿದ ಬನಿಯನ್ನು, ಎಲ್ಲವನ್ನೂ ಪೈಪಿಗೆ ತುರುಕುವುದು. ಪೈಪು ಕಟ್ಟಿಕೊಂಡ ದಿನ ಮೂಗಿಗೆ ಕರವಸ್ತ್ರ ಹಿಡಿದು "ನಮ್ಮನೇದಲ್ಲಪ್ಪ, ಮೇಲಿನ ಮನೇದು" ಅನ್ನುವುದು. ಕಟ್ಟಡದ ಬುಡದಲ್ಲಿ ಎಲ್ಲರ ಮರ್ಯಾದೆಯೂ ಒಂದೇ ಪೈಪಿನಲ್ಲಿ ಹರಿಯುವುದನ್ನು ಕಂಡವನು ಅವನು. ಥೂ ಎಂದು ಉಗುಳಲೂ ಅಲ್ಲಿ ಚೊಕ್ಕ ಜಾಗವಿರುತ್ತಿರಲಿಲ್ಲ.

ಗಾಡಿಯಲ್ಲಿ ಅವನ ಜೊತೆಗಾರ ಹೆಂಡತಿಯ ತಮ್ಮನೇ. ಅವನದು ವಾಲ್ವ್ ತಿರುಗಿಸುವ ಕೆಲಸ. ಸೇರಿದ ಹೊಸದರಲ್ಲಿ ಕೇಳಿದ್ದ: "ಭಾವ, ಗಾಡಿಯ ಈ ನೀರಿನ ಪೈಪನ್ನ ಚರಂಡಿಯೊಳಕ್ಕೆ ಯಾರೂ ತಳ್ತಿಲ್ಲ. ಅದು ಹೆಂಗೆ ತಾನೇ ಒಳಗೆ ಹೋಗುತ್ತೆ?"

"ಅದರ ತುದೀಲಿರೋ ಮೂತಿ ನೋಡು. ತೂತೆಲ್ಲ ಯಾವ ಕಡೆಗಿದೆ?"

"ಹಿಂದಕ್ಕೆ."

"ನೀರನ್ನ ಹಿಂದಕ್ಕೆ ಒದೆಯುತ್ತೆ, ನೀರು ಅದನ್ನ ಮುಂದಕ್ಕೆ ಒದೆಯುತ್ತೆ. ನೀನು ನಡೆಯೋದೂ ಹಂಗೇ ಕಣೋ. ಕಾಲಲ್ಲಿ ನೆಲಾನ ಹಿಂದಕ್ಕೆ ತಳ್ತೀಯ, ನೆಲ ನಿನ್ನ ಮುಂದಕ್ಕೆ ತಳ್ಳುತ್ತೆ. ಜಿಡ್ಡಿನ ಮೇಲೆ ತಳ್ಳೋಕಾಗಲ್ಲ, ಅದಕ್ಕೇ ಜಾರಿ ಬೀಳ್ತೀಯ."

"ಅಂದ್ರೆ ಅಕ್ಕ ಬೈದಷ್ಟೂ ನೀವು ಮುಂದಕ್ಕೆ ಓಡೋದು..."

"ವಾಲ್ವ್ ಕಡೆ ನೋಡೋ, ಮುಠ್ಠಾಳ."

ಹೀಗಿರುವಾಗ ಪಾರ್ಕಿನ ಹೂಗಿಡಗಳಿಗೆ ನೀರು ಹಾಕುವ ಲಾರಿಯಲ್ಲಿ ಒಂದು ಜಾಗ ಖಾಲಿಯಾಯಿತು. ನಾಜೂಕಯ್ಯನಿಗೆ ನಿದ್ದೆ ಹಾರಿತು. ಅಲ್ಲಿಯೂ ಪೈಪು, ಅಲ್ಲಿಯೂ ನೀರು, ಆದರೆ ಎದುರಿಗೆ ಗುಲಾಬಿ! ಇಲಾಖೆಯ ಸಾಹೇಬರ ಬಾಗಿಲಿಗೆ ಚಪ್ಪಲಿ ಸವೆಯುವಷ್ಟು ಅಲೆದ ಮೇಲೆ ಅವರೆಂದರು: "ನಾಳೆ ಬಂದು ನಿನ್ನ ಕೆಲಸ ನೋಡ್ತೀನಿ. ಅಚ್ಚುಕಟ್ಟಾಗಿದ್ರೆ ಕಳಿಸೋಣ."

ಅಚ್ಚುಕಟ್ಟು ಅಂದರೆ ಬಟ್ಟೆ ಎಂದು ಅವನು ತಿಳಿದುಕೊಂಡ. ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟಾಗ ಹೆಂಡತಿ, "ರೀ, ಚರಂಡಿಗೆ ಹೋಗ್ತಿದೀರೋ, ಹೆಣ್ಣು ನೋಡೋಕೋ?" ಅಂದಳು.

ಆ ದಿನದ್ದು ಹಳೆಯ ಕಟ್ಟಡದ ಹಿಂದಿನ ಮ್ಯಾನ್‌ಹೋಲು. ಮುಚ್ಚಳ ತೆಗೆದರೆ ಕೆನೆಗಟ್ಟಿದ ಜಿಡ್ಡು, ಅದರ ಮೇಲೆ ಗುಳ್ಳೆ. ಭಾವಮೈದ ಒಳಗೆ ಇಣುಕಿ ಹೇಳಿದ: "ಭಾವ, ಇದು ಅಗಲದ ಚರಂಡಿ ಪೈಪು. ಮೂತಿಗೆ ಆ ಉದ್ದನೆ ಕಬ್ಬಿಣದ ಕೊಳವೆ ಸಿಕ್ಕಿಸಲ್ವಾ? ಒಳಗೇ ತಿರುಗಿಬಿಟ್ರೆ?"

ಅಗಲದ ಪೈಪಿನಲ್ಲಿ ಮೂತಿ ಹಿಂದಿರುಗದಂತೆ ತಡೆಯುವುದೇ ಆ ಕೊಳವೆ. ಆದರೆ ಅದು ಹಿಂದಿನ ದಿನದ ಜಿಡ್ಡು ಮೆತ್ತಿಕೊಂಡು, ಯಾರದೋ ಕೂದಲ ಗಂಟು ಸುತ್ತಿಕೊಂಡು ಗಾಡಿಯ ಮೂಲೆಯಲ್ಲಿ ಬಿದ್ದಿತ್ತು. ನಾಜೂಕಯ್ಯ ಅದನ್ನು ನೋಡಿದ, ತನ್ನ ಅಂಗಿಯ ಬಿಳಿ ತೋಳನ್ನು ನೋಡಿದ. ಕೈ ಹಿಂದಕ್ಕೆಳೆದುಕೊಂಡ.

"ಬೇಡ ಬಿಡೋ. ಕಟ್ಟಿರೋದು ಇಲ್ಲೇ ಹತ್ತಿರದಲ್ಲಿ."

ಸಾಹೇಬರು ಬಂದರು. ಭಾವಮೈದ ವಾಲ್ವ್ ತಿರುಗಿಸಿ ನೀರು ಬಿಟ್ಟ. ಪೈಪು ಸರಸರನೆ ಒಳಗೆ ಹೋಯಿತು. ಸಾಹೇಬರು "ಭೇಷ್" ಎಂದು ಭಾವಮೈದನ ಹತ್ತಿರ ಗಾಡಿಯ ವಿಚಾರ ಕೇಳಿ, ಮ್ಯಾನ್‌ಹೋಲಿನ ಅಂಚಿಗೆ ಬಂದು ಬಗ್ಗಿದರು. ಬಿಗಿಯಾಗಿದ್ದ ಪೈಪು ತಟಕ್ಕನೆ ಸಡಿಲವಾದದ್ದನ್ನು ನಾಜೂಕಯ್ಯ ಕೈಯಲ್ಲೇ ಅರಿತ. ಮೂತಿ ತಿರುಗಿತ್ತು. ಈಗ ಅದು ನೀರನ್ನು ಆ ಕಡೆಗೆ ಒದೆಯುತ್ತ, ತಾನು ಈ ಕಡೆಗೇ ನುಗ್ಗುತ್ತಿತ್ತು.

"ಮುಚ್ಚೋ! ವಾಲ್ವ್ ಮುಚ್ಚೋ!"

ಅಷ್ಟರಲ್ಲಿ ಅದು ಹೆಡೆಯೆತ್ತಿ ಮೇಲೆ ಬಂತು. ಮೊದಲ ಅಭಿಷೇಕ ಸಾಹೇಬರ ಕನ್ನಡಕಕ್ಕೆ. ನಾಜೂಕಯ್ಯ ಹಾರಿ ಅದರ ಕುತ್ತಿಗೆ ಹಿಡಿದ; ಅದು ಅವನನ್ನು ಒದೆಯಿತು. ಕಾಲೂರಲು ಹೋದರೆ ಕೆಳಗೆ ಜಿಡ್ಡು. ಹಿಂದೆ ತಾನೇ ಬೋಧಿಸಿದ್ದ ಪಾಠವನ್ನೆಲ್ಲ ಬೆನ್ನಿನಿಂದ ಓದುತ್ತ ಅಂಗಾತ ಬಿದ್ದ. ವಾಲ್ವ್ ಮುಚ್ಚುವ ಹೊತ್ತಿಗೆ ಅವನ ಬಾಯಲ್ಲಿ ಏನೋ ಇತ್ತು. ಏನೆಂದು ಹೇಳಿದರೆ ಓದುವವರ ಊಟ ಕೆಡುತ್ತದೆ.

ಮೇಲಿನ ಕಿಟಕಿಗಳಲ್ಲಿ ಕರವಸ್ತ್ರಗಳು ಸಾಲುಗಟ್ಟಿದವು. ಒಬ್ಬಾಕೆ "ಛೀ, ಎಂಥ ಗಲೀಜು ಜನ" ಅಂದಳು. ತನ್ನದೇ ಅಡುಗೆಮನೆಯ ಎಣ್ಣೆಯನ್ನು ಮೈತುಂಬ ಹೊತ್ತವನ ಬಗ್ಗೆ!

ನಾಜೂಕಯ್ಯ ಎದ್ದ. ಉಳಿಸಿಕೊಳ್ಳಲು ಇನ್ನೇನೂ ಇರಲಿಲ್ಲ. ಬರಿಗೈಯಲ್ಲೇ ಆ ಕೊಳವೆ ಎತ್ತಿದ, ಕೂದಲು ಕಿತ್ತೆಸೆದ, ಮೂತಿಗೆ ತಿರುಗಿಸಿ ಬಿಗಿದ. ಸ್ವಲ್ಪ ಹೊತ್ತಿಗೆಲ್ಲ ಕಟ್ಟಿದ್ದು ಬಿಟ್ಟುಕೊಂಡು ಚರಂಡಿ ಗುಳಗುಳ ಅಂತ ನೀರನ್ನು ಎಳೆದುಕೊಂಡಿತು.

ದೂರದಲ್ಲಿ ನಿಂತು ಮುಖ ಒರೆಸುತ್ತಿದ್ದ ಸಾಹೇಬರು ಹೇಳಿದರು: "ಈ ಸ್ಥಿತೀಲೂ ಕೆಲಸ ಬಿಡಲಿಲ್ವಲ್ಲಯ್ಯ! ನಿನ್ನಂಥವನನ್ನ ಪಾರ್ಕಿಗೆ ಕಳಿಸಿ ಚರಂಡೀನ ಯಾರ ಕೈಗೆ ಕೊಡ್ಲಿ?"

ಪಾರ್ಕಿನ ಜಾಗ ಭಾವಮೈದನಿಗೆ ಹೋಯಿತು. ಅವನ ಅಂಗಿಗೆ ಒಂದು ಹನಿಯೂ ಬಿದ್ದಿರಲಿಲ್ಲ.

"ಮುಟ್ಟೋಕೆ ಹೇಸಿದೆ ಕಣೇ," ಎಂದ ನಾಜೂಕಯ್ಯ, ಆ ಸಂಜೆ ಮನೆಯ ಬಚ್ಚಲಲ್ಲಿ ಮೂರನೆಯ ಸಲ ಸೋಪು ಹಚ್ಚುತ್ತ. "ಒಂದು ಕೊಳವೆ ಮುಟ್ಟೋಕೆ. ಅಲ್ಲಿಗೆ ನನ್ನ ಗುಲಾಬಿ ಹೋಯ್ತು."

"ಬೆನ್ನು ತಿರುಗಿಸಿ," ಎಂದಳು ಹೆಂಡತಿ. ಮೂಗು ಮುಚ್ಚಿಕೊಳ್ಳದೆ ಉಜ್ಜಿದಳು.

ವಾರ ಕಳೆದು ಭಾವಮೈದ ಊಟಕ್ಕೆ ಬಂದ. "ಭಾವ, ಪಾರ್ಕಲ್ಲಿ ನೀರು ಮುಂದಕ್ಕೆ ಬಿಟ್ರೆ ಪೈಪು ನನ್ನನ್ನೇ ಹಿಂದಕ್ಕೆ ದೂಡುತ್ತೆ. ಎರಡು ಸಲ ಬಿದ್ದೆ."

"ಒಂದು ಕಾಲು ಹಿಂದಿಟ್ಟು ಊರಿ ನಿಲ್ಲೋ. ನೆಲಾನ ತಳ್ಳು, ಅದು ನಿನ್ನ ಹಿಡ್ಕೊಳ್ಳುತ್ತೆ." ಅನ್ನುತ್ತಲೇ ನಾಜೂಕಯ್ಯನ ಮೂಗು ಅರಳಿತು. "ಏನೋ ಅದು ವಾಸನೆ?"

"ಗೊಬ್ಬರ ಭಾವ. ಗುಲಾಬಿಗೆ. ಚೆನ್ನಾಗಿ ಕೊಳೆಸಿ, ಹುಳ ಬಿದ್ದ ಮೇಲೆ ಕೈಯಲ್ಲಿ ಕಲಸಿ..."

"ಸಾಕು!" ಎಂದು ನಾಜೂಕಯ್ಯ ತನ್ನ ತಟ್ಟೆ ಎತ್ತಿಕೊಂಡು ಒಳಕೋಣೆಗೆ ನಡೆದ.