ಅನುಮಾನಣ್ಣನೂ ಬೆಳಕಿನ ಬಾಚಣಿಗೆಯೂ

ಸೂರ್ಯ ನೆತ್ತಿಗೆ ಬಂದರೂ ಗಡಿಯಾರ ನೋಡದೆ ಬೆಳಗಾಯಿತೆಂದು ಒಪ್ಪದ ಮನುಷ್ಯ ಅವನು. ಹೆಂಡತಿ ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡಿ, ಬೀದಿಯ ತಿರುವಿನಿಂದ ಮತ್ತೆ ಬಂದು ಎಳೆಯುತ್ತಿದ್ದ. ಅನಿಲ ಪರೀಕ್ಷಿಸುವ ನಮ್ಮ ಲ್ಯಾಬಿನಲ್ಲಿ ಅವನಿಗೆ ಅನುಮಾನಣ್ಣ ಎಂದೇ ಹೆಸರು.

ಇಪ್ಪತ್ತೆಂಟು ವರ್ಷ ಅವನು ಸಾಕಿದ್ದು ಬೀರುವಿನಷ್ಟು ದೊಡ್ಡ ಯಂತ್ರವೊಂದನ್ನು; ನಮ್ಮ ಬಾಯಲ್ಲಿ ಅದರ ಹೆಸರೂ ಬೀರು. ಗಾಜಿನ ಕೊಳವೆಗೆ ಅನಿಲ ತುಂಬಿ ಬೆಳಕು ಹಾಯಿಸಿದರೆ, ಯಂತ್ರ ತಿರುತಿರುಗಿ ಒಂದೊಂದೇ ಬಣ್ಣ ನೋಡಿ ಮುಗಿಸುವಷ್ಟರಲ್ಲಿ ನಮ್ಮ ಗಡ್ಡ ಒಂದು ಗೇಣು ಬೆಳೆದಿರುತ್ತಿತ್ತು.

ಒಂದು ಸೋಮವಾರ ಸಂಶೋಧಕಿಯೊಬ್ಬಳು ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ ತಂದಿಟ್ಟಳು.

"ಇದರ ಲೇಸರ್ ಬೆಳಕು ಬಾಚಣಿಗೆ ಥರ ಅಣ್ಣಾ. ಸಾವಿರಾರು ಬಣ್ಣ, ಹಲ್ಲುಗಳ ಹಾಗೆ ಸಮ ಅಂತರದಲ್ಲಿ. ಯಾವ ಹಲ್ಲನ್ನ ಅನಿಲ ನುಂಗುತ್ತೋ ಅದರಿಂದಲೇ ಅನಿಲದ ಗುರುತು. ಎಲ್ಲಾ ಒಂದೇ ಏಟಿಗೆ!"

"ಒಳಗೆ ಏನೂ ತಿರುಗಲ್ವಾ?"

"ಇಲ್ಲ."

"ಅಲ್ಲಾಡದೆ ಕೂತು ಕೆಲಸ ಮಾಡ್ತೀನಿ ಅನ್ನೋರು ನಮ್ಮ ಮ್ಯಾನೇಜರ್ ಒಬ್ರೇ ತಾಯಿ. ಅವರನ್ನೂ ನಾನು ನಂಬಿಲ್ಲ."

ಮ್ಯಾನೇಜರ್ ತೀರ್ಪು ಕೊಟ್ಟಾಗಿತ್ತು: ಶುಕ್ರವಾರದೊಳಗೆ ಪೆಟ್ಟಿಗೆ ಗೆದ್ದರೆ ಬೀರು ಗುಜರಿಗೆ, ಅನುಮಾನಣ್ಣ ಉಗ್ರಾಣ ಕಾಯುವ ನನ್ನ ಜೊತೆಗೆ.

ಅನುಮಾನಣ್ಣ ಅಂದೇ ಪೆಟ್ಟಿಗೆಯ ಕಳ್ಳತನ ಹಿಡಿಯಲು ಬಲೆ ಬೀಸಿದ. ಕೊಳವೆಯನ್ನು ಒರೆಸಿ, ಅಪ್ಪಟ ನೈಟ್ರೋಜನ್ ತುಂಬಿ, ಎರಡು ಯಂತ್ರಕ್ಕೂ ಕೊಟ್ಟ. ಬೀರು ಬೇರೇನೂ ಇಲ್ಲ ಎಂದಿತು. ಪೆಟ್ಟಿಗೆ ಸ್ಪಿರಿಟ್ ಇದೆ ಎಂದಿತು.

"ಸಿಕ್ಕಿಬಿತ್ತು ನೋಡು! ಹಸಿ ಸುಳ್ಳು!" ಅವನ ಕೂಗಿಗೆ ಮೂರು ಬೀದಿಯಾಚೆಯ ನಾಯಿಗಳು ಓಗೊಟ್ಟವು.

ಅವಳು ಕೊಳವೆಯನ್ನೇ ದಿಟ್ಟಿಸಿದಳು. "ಒಳಗೆ ಯಾವುದರಲ್ಲಿ ಒರೆಸಿದ್ರಿ ಅಣ್ಣಾ?"

"ಸ್ಪಿರಿಟ್‌ನಲ್ಲಿ. ಮೊದಲಿಂದಲೂ ಹಾಗೇ..." ಅವನು ಕೊಳವೆಯನ್ನು ಮೂಗಿಗೆ ಹಿಡಿದು ನೋಡಿದ.

ಅವಳನ್ನೂ ನಂಬದೆ ಎರಡು ಕೊಳವೆ ತೊಳೆದು ಮೂರು ದಿನ ಒಣಗಿಸಿ, ಒಂದನ್ನು ಮಾತ್ರ ಗುಟ್ಟಾಗಿ ಸ್ಪಿರಿಟ್‌ನಲ್ಲಿ ಒರೆಸಿ ಕೊಟ್ಟ. ಪೆಟ್ಟಿಗೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಅದನ್ನೇ ಹಿಡಿಯಿತು. ಬೀರು ಎರಡನ್ನೂ ಒಂದೇ ಎಂದಿತು.

ಶುಕ್ರವಾರ ಅವನೇ ಮ್ಯಾನೇಜರ್ ಮುಂದೆ ನಿಂತ. "ಇಪ್ಪತ್ತೆಂಟು ವರ್ಷ ನಾನು ಒರೆಸೋ ಬಟ್ಟೆಯ ಸ್ಪಿರಿಟ್ ವಾಸನೆ ಹಿಡಿಯದ ಬೀರುವನ್ನ ಕಳಿಸಿಬಿಡಿ ಸಾರ್."

"ಹಾಗಾದ್ರೆ ಪೆಟ್ಟಿಗೆ ಮೇಲೆ ನಂಬಿಕೆ ಬಂತು?"

"ಎಲ್ಲಿಯ ನಂಬಿಕೆ? ಇವತ್ತು ಅದು ನನ್ನ ತಪ್ಪು ಹಿಡೀತು. ನಾಳೆ ಅದು ತಪ್ಪಿದರೆ ಹಿಡಿಯೋಕೆ ಯಾರಾದ್ರೂ ಬೇಡ್ವಾ?"

ಉಗ್ರಾಣದಲ್ಲಿ ಅವನಿಗೆಂದು ನಾನು ಒರೆಸಿಟ್ಟ ಕುರ್ಚಿ ಖಾಲಿಯೇ ಉಳಿಯಿತು. ಅವನು ಪೆಟ್ಟಿಗೆಯ ಪಕ್ಕದಲ್ಲೇ ಕೂತ, ದಿನಕ್ಕೊಂದು ಗುಟ್ಟಿನ ಕೊಳವೆ ಜೇಬಿನಲ್ಲಿಟ್ಟುಕೊಂಡು.