ಸಣ್ಣ ಉಡಿ

ಹೋದ ವಾರ ಪಕ್ಕದ ಮನೆಯಾಕೆ ತನ್ನ ತವರು ಕುಂಭಾರಿಯಿಂದ ಒಂದು ಹಿಡಿ ಮೆಂತೆ ಬೀಜ ತಂದುಕೊಟ್ಟಳು. ಬಟ್ಟೆಯ ಗಂಟು ಬಿಚ್ಚಿದ್ದೇ ತಡ, ಒಲೆಯ ಬೂದಿ ಮತ್ತು ಒಣಗಿದ ಬೇವಿನ ಎಲೆಯ ವಾಸನೆ ಮೂಗಿಗೆ ಬಂತು. ಹುಳ ಹತ್ತಬಾರದೆಂದು ಹಳ್ಳಿಯಲ್ಲಿ ಬೀಜವನ್ನು ಹೀಗೇ ಕಟ್ಟಿಡುತ್ತಾರೆ. ಗಂಟನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ... ಸೋಲಾಪುರದ ಈ ಓಣಿ ಮರೆತು ಹನ್ನೂರಿನ ಕರಿ ಹೊಲದ ಬದುವಿನ ಮೇಲೆ ನಿಂತಿದ್ದೆ. ನನ್ನ ಮುಂದೆ ನನ್ನ ಹಿರಿಯ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಬಗ್ಗಿ ಮೊಳಕೆ ನೋಡುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ನಾನು ಸೋಲಾಪುರದ ಬಟ್ಟೆ ವ್ಯಾಪಾರಸ್ಥರ ಮಗಳು. ಗಿರಣಿಯ ಭೋಂಗಾ ಕೂಗಿದರೆ ಏಳುವುದು, ಮತ್ತೆ ಕೂಗಿದರೆ ಉಣ್ಣುವುದು. ಹೊರಗೆ ಹೋಗುವುದೆಂದರೆ ಮಾಳಿಗೆಯ ಮೇಲೆ ಹೋಗಿ ಬರುವುದು, ಅಷ್ಟೇ. ಮನೆಯಲ್ಲಿ ಎಲ್ಲರೂ ನನ್ನನ್ನು ಆರಂಭಶೂರಿ ಎಂದು ಛೇಡಿಸುತ್ತಿದ್ದರು. ಯಾವುದನ್ನೂ ಹಚ್ಚಿಕೊಳ್ಳುವ ಹುರುಪು ಬಹಳ, ಮುಗಿಸುವುದು ಗೊತ್ತಿಲ್ಲ. ದಿಂಬಿನ ಚೀಲದ ಮೇಲೆ ನಾನು ಹಾಕಿದ ಕಸೂತಿಯ ಗಿಳಿಗೆ ರೆಕ್ಕೆ ಬಂದಿತ್ತು, ಬಾಲ ಬಂದಿತ್ತು, ಕೊಕ್ಕು ಮಾತ್ರ ಬಂದಿರಲಿಲ್ಲ. ಮೂವತ್ತರ ದಶಕದ ಮೊದಲಿಗೆ, ಆ ಕೊಕ್ಕಿಲ್ಲದ ಗಿಳಿಯ ಸಮೇತ ನನ್ನನ್ನು ಅಕ್ಕಲಕೋಟೆ ಸಂಸ್ಥಾನದ ಹನ್ನೂರಿಗೆ ಕೊಟ್ಟರು.

ಹೊಲ ನೋಡಿದ ದಿನ ನನಗೆ ಹುಚ್ಚು ಹಿಡಿದಂತಾಯಿತು. ಅಷ್ಟು ಆಕಾಶವನ್ನು ನಾನು ಒಟ್ಟಿಗೆ ನೋಡಿರಲೇ ಇಲ್ಲ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿಂಗಾರಿ ಜೋಳ ಬಿತ್ತುವಾಗ ಗಂಡಸರು ಎತ್ತು ಹೊಡೆಯಬೇಕು, ಕೂರಿಗೆಯ ಬಟ್ಟಲಿಗೆ ಬೀಜ ಬಿಡುವುದು ಮನೆಯ ಸೊಸೆಯಂದಿರ ಕೈ. ಸೀರೆಯ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಹಿಂದೆ ನಡೆಯುತ್ತ, ಮುಷ್ಟಿಯಿಂದ ಒಂದೇ ಸಮನೆ ಬಟ್ಟಲಿಗೆ ಬಿಡಬೇಕು. ಅಲ್ಲಿಂದ ಅದು ಕೊಳವೆಗಳಲ್ಲಿ ಇಳಿದು ಮಣ್ಣು ಸೇರುತ್ತಿತ್ತು. ಬಟ್ಟಲು ಕೈಗೆ ಬಂದ ಸೊಸೆಗೆ ವರ್ಷವಿಡೀ ಹೊಲಕ್ಕೆ ಹೋಗುವ ಹಕ್ಕು ಬರುತ್ತಿತ್ತು. ಉಳಿದವರಿಗೆ ಒಲೆಯೇ ಗತಿ. ನನಗಂತೂ ಆ ಬಟ್ಟಲು ಬೇಕೇ ಬೇಕಾಗಿತ್ತು.

ಮೊದಲು ಮೇಲಿನ ಹೊಲ ಬಿತ್ತಿದೆವು. ಅರ್ಧ ಅಕ್ಕ, ಅರ್ಧ ನಾನು. ಬಿತ್ತುವಾಗ ಯಾರ ಕೈ ಹೇಗಿತ್ತೆಂದು ಕಾಣುವುದಿಲ್ಲ, ಮಣ್ಣು ಮುಚ್ಚಿಕೊಂಡುಬಿಡುತ್ತದೆ. ಮೊಳಕೆ ಬಂದಾಗ ಮಾತ್ರ ನನ್ನ ಬಣ್ಣ ಬಯಲಾಯಿತು. ನಾನು ಶುರು ಮಾಡಿದ ಮೂಡಣ ಬದುವಿನ ಕಡೆ ಜೋಳ ಉಸಿರಾಡಲು ಜಾಗವಿಲ್ಲದಂತೆ ಕಿಕ್ಕಿರಿದಿತ್ತು. ಪಡುವಣ ತುದಿಗೆ ಹೋದಂತೆ ತೆಳ್ಳಗಾಗಿ, ಕೊನೆಗೆ ಬರೀ ನೆಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ಕೆಳಗಿನ ಹೊಲಕ್ಕ ಇಕಿ ಬ್ಯಾಡ. ಮನ್ಯಾಗ ರೊಟ್ಟಿ ಬಡಕೋತ ಇರಲಿ,” ಎಂದು ಹೊರಟುಹೋದರು.

ನಾನು ಅಲ್ಲೇ ಬದುವಿನ ಮೇಲೆ ಕೂತು ಅಳತೊಡಗಿದೆ. ಅಕ್ಕ ನನ್ನ ಸಾಲುಗಳ ನಡುವೆ ಬಗ್ಗಿ, ಏನೋ ಕಳೆದುಕೊಂಡವರು ಹುಡುಕುವಂತೆ ನೋಡುತ್ತ ಹೊರಟರು. ಕುತೂಹಲ ತಡೆಯಲಾರದೆ ಕಣ್ಣೊರೆಸಿಕೊಂಡು ನಾನೂ ಹಿಂದೆ ಹೋದೆ.

“ಇಲ್ಲಿ ನಿನಗ ಹುರುಪು ಭಾಳ ಇತ್ತು, ಮುಷ್ಟಿ ಸಡ್ಲಾಗ್ಯಾದ. ಇಲ್ಲಿ ಯಾವುದೋ ಹಾಡು ನೆನಪಾಗ್ಯಾದ, ಹೌದಲ್ಲ? ಇಲ್ಲಿಂದ ಮುಂದ ಬ್ಯಾಸರಾತು. ಕೈ ಇಲ್ಲೇ ಅದ, ಮನಸ್ಸು ಮನಿಗಿ ಹೋಗ್ಯಾದ.”

ಹಾಡು ನಿಜವೇ. ಬಾಯಲ್ಲೇ ಗುನುಗಿದ್ದೆ, ಯಾರಿಗೂ ಕೇಳಿಸಿರಲಿಲ್ಲ.

“ನಿಮಗ ಹ್ಯಾಂಗ ಗೊತ್ತಾತ್ರಿ ಅಕ್ಕಾರ?”

“ನೀ ಬಿಟ್ಟದ್ದೇ ಮ್ಯಾಲ ಬಂದದ. ನಾ ನೋಡಾಕತ್ತೀನಿ, ಅಷ್ಟೇ.”

“ನನ್ನ ಸ್ವಭಾವನೇ ಹಿಂಗ್ರಿ. ಇದು ಬದಲಾಗಂಗಿಲ್ಲ.”

“ಬದಲ್ ಮಾಡು ಅಂತ ಯಾರಂದ್ರು? ನಿನ್ನ ಸ್ವಭಾವ ನಿನಗ ಗೊತ್ತಾತಲ್ಲ, ಇನ್ನ ಅದರ ಕಡಿಂದನೇ ಕೆಲಸಾ ಮಾಡಿಸ್ಕೋ. ನಿನಗ ಸುರು ಮಾಡೂದು ಛಲೋ ಬರ್ತದ. ಉಡಿ ತುಂಬ ಬೀಜಾ ಕಟ್ಕೋಬ್ಯಾಡ. ಆ ಬದುವಿಗಿ ಮುಟ್ಟೂವಷ್ಟೇ ತಗೋ. ಮುಟ್ಟಿದ ಮ್ಯಾಲ ಮತ್ತ ತಗೋ. ಎಲ್ಲಾ ಸಲಾನೂ ಹೊಸದಾಗಿ ಸುರು ಮಾಡು.”

ನನ್ನ ಸ್ವಭಾವಕ್ಕೆ ಬೈಗುಳ ಕೇಳಿದ್ದೆ, ನಗೆ ಕೇಳಿದ್ದೆ. ಅದನ್ನು ಯಾರಾದರೂ ಕೂತು ವಿಚಾರ ಮಾಡಬಹುದು ಎಂದು ಆ ದಿನದವರೆಗೂ ಗೊತ್ತಿರಲಿಲ್ಲ. ನನಗೂ ಅವರ ಆಟವಾಡುವ ಆಸೆಯಾಯಿತು. ಅವರು ಬಿತ್ತಿದ ಅರ್ಧಕ್ಕೆ ಓಡಿದೆ. ಆ ತುದಿಯಿಂದ ಈ ತುದಿಯವರೆಗೆ, ಮಗ್ಗದ ಮೇಲೆ ಹಾಸು ಬಿಗಿದಂತೆ, ಎಲ್ಲಿಯೂ ಒಂದು ಏರಿಳಿತವಿಲ್ಲ.

“ನಿಮ್ಮ ಸಾಲಿನ್ಯಾಗ ಏನೂ ಸಿಗವಲ್ದು ಅಕ್ಕಾರ. ಸಿಟ್ಟಿಲ್ಲ, ಹಾಡಿಲ್ಲ. ನಿಮಗ ಏನೂ ಬೇಕನಸಂಗಿಲ್ಲೇನ್ರಿ?”

ತಮಾಷೆಗೆ ಅಂದಿದ್ದೆ. ಅಕ್ಕ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತರು.

“ಅನಸ್ತದ,” ಅಂದರು ಕೊನೆಗೆ. “ಕೇಳಾಕ ಬರಂಗಿಲ್ಲ.”

ಆ ಸಂಜೆ ಅತ್ತೆ ಊಟಕ್ಕೆ ಕೂತಿದ್ದರು. ಅಕ್ಕ ರೊಟ್ಟಿ ಬಡಿಸಿ, ಹಿಂದೆ ಸರಿಯದೆ ಅಲ್ಲೇ ನಿಂತರು. “ಅತ್ತಿ, ಕೆಳಗಿನ ಹೊಲಾನೂ ತಂಗಿನೇ ಬಿತ್ತಲಿ. ನಂದೊಂದು ಮಾತು ನಡಸರಿ,” ಎಂದರು. ಆ ಮನೆಗೆ ಬಂದಾಗಿನಿಂದ ಅವರು ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲವಂತೆ. ಅತ್ತೆ ತುತ್ತು ಮರೆತು ಅವರ ಮುಖವನ್ನೇ ನೋಡಿದರು.

“ಆತು. ಆದ್ರ ಈ ಸಲಾನೂ ಕೆಟ್ರ ಬಟ್ಟಲಾ ನಿನ್ನ ಕೈಯಾಗೂ ಇರಂಗಿಲ್ಲ. ತಿಳೀತೇನ?”

ಅಕ್ಕ ತಲೆಯಾಡಿಸಿದರು.

ಕೆಳಗಿನ ಹೊಲ ಹದಕ್ಕೆ ಬಂದ ದಿನ ಎರಡೂ ಬದುವಿಗೆ ಒಂದೊಂದು ಬೀಜದ ಚೀಲ ಇಡಿಸಿದೆವು. ನಾನು ಸಣ್ಣ ಉಡಿ ಕಟ್ಟಿಕೊಂಡು ಹೊರಟೆ. ಮೊದಲ ಸುತ್ತಿನಲ್ಲೇ ಕೈ ಜಾರಿ, ಹೊಲದ ನಟ್ಟನಡುವೆ ಉಡಿ ಖಾಲಿಯಾಯಿತು! ಎತ್ತು ಹೊಡೆಯುತ್ತಿದ್ದವರು ಭಾವನವರು. ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಅದಕ್ಕೆ ಎತ್ತುಗಳಿಗೇ ಹೇಳಿದರು: “ನಿಂದರ್ರೋ. ಬೀಜಾ ತೀರ್ಯಾವಂತ. ಇನ್ನಾ ಅರ್ಧಾ ಹೊಲಾ ಅದ.” ನಾನು ನಾಚಿಕೆಯಿಂದ ಓಡಿಹೋಗಿ ಬೀಜ ತಂದೆ. ಆಮೇಲೆ ಮುಷ್ಟಿ ತಾನಾಗಿ ಬಿಗಿಯಾಯಿತು. ಬದು ಮುಟ್ಟಿದಾಗಲೆಲ್ಲ ಹೊಸ ಉಡಿ, ಹೊಸ ಹುರುಪು. ಹೊತ್ತು ಇಳಿಯುವಾಗ ನನಗೆ ಬೇಸರವೇ ಬಂದಿರಲಿಲ್ಲ.

ಮೊಳಕೆ ಬರುವವರೆಗೆ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ಕೊನೆಗೊಂದು ಬೆಳಿಗ್ಗೆ ಅತ್ತೆ ನಮ್ಮನ್ನು ಕರೆದುಕೊಂಡು ಹೋದರು. ಮೊದಲ ಸಾಲಿನ ಅರ್ಧ ಮಾತ್ರ ಕಿಕ್ಕಿರಿದಿತ್ತು. ಉಳಿದದ್ದನ್ನು ಅತ್ತೆ ಕೊನೆಯ ತುದಿಯವರೆಗೆ ನಡೆದು ನೋಡಿದರು, ಬಗ್ಗಿ ಎಲೆ ಸವರಿದರು. “ಬರೋಬ್ಬರಿ ಅದ,” ಎಂದು ಹೊರಟರು. ಅವರ ಬೆನ್ನ ಹಿಂದೆ ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ನನ್ನ ಬಳೆ ಚುಚ್ಚಿತು.

ಆ ಚಳಿಗಾಲ ಅಕ್ಕ ಮತ್ತೊಂದು ಮಾತು ಕೇಳಿದರು, ಈ ಸಲ ತಮಗಾಗಿ. ಅವರ ತವರು ದುಧನಿ, ರೈಲಿನಲ್ಲಿ ಕೂತರೆ ದೂರವೇನಲ್ಲ. ಆದರೂ ಯಾರಾದರೂ ಕರೆಯಲು ಬಂದರೆ ಮಾತ್ರ ಹೋಗುತ್ತಿದ್ದರು. ಆ ಸಲ ತಾವೇ ಅತ್ತೆಯನ್ನು ಕೇಳಿ ಹೋಗಿಬಂದರು. ಬಂದವರು ನನ್ನ ಕಿವಿಯಲ್ಲಿ, “ಇದು ನೀ ಕಲಿಸಿದ್ದವಾ,” ಎಂದರು. ನನ್ನ ಗಿಳಿಗೆ ಕೊಕ್ಕು ಬಂದದ್ದೂ ಅದೇ ಚಳಿಗಾಲ, ಇಷ್ಟಿಷ್ಟೇ ದಾರ ತೆಗೆದುಕೊಂಡು. ಮುಂದೆ ಸೋಲಾಪುರಕ್ಕೆ ಮರಳಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದೆ, ಸಂಸಾರ ನಡೆಸಿದೆ. ಎಲ್ಲವೂ ಸಣ್ಣ ಉಡಿಯಲ್ಲೇ ಆದದ್ದು.

ಅಕ್ಕ ಹೋಗಿ ಬಹಳ ವರ್ಷವಾಯಿತು. ಬಿತ್ತಿಗೆಯ ದಿನಗಳಲ್ಲೇ ಜ್ವರ ಬಂದಿತ್ತಂತೆ. ನಾನು ಹನ್ನೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಕೊನೆಗೆ ಬಿತ್ತಿದ ಹೊಲವನ್ನು ನೋಡಿ ಬರಬೇಕಿತ್ತು... ನೋಡದೆಯೇ ಮರಳಿದೆ. ನನ್ನ ಮನಸ್ಸನ್ನು ಅಷ್ಟು ಅಕ್ಕರೆಯಿಂದ ನೋಡಿದವರು ಆಮೇಲೆ ಯಾರೂ ಸಿಗಲಿಲ್ಲ.

ಮೆಂತೆ ಬೀಜವನ್ನು ಅಂಗಳದಲ್ಲಿ ಸಾಲು ಹಿಡಿದು ಬಿತ್ತಿದ್ದೆ. ಇವತ್ತು ಮೊಳಕೆ ಎದ್ದಿವೆ, ಒಂದೇ ಸಮನಾಗಿ. ನಡುವೆ ಒಂದು ಗೇಣು ಮಾತ್ರ ಬರೀ ಮಣ್ಣು. ಪಕ್ಕದ ಮನೆಯಾಕೆ ಬಂದು ನೋಡಿ, “ಇಲ್ಲ್ಯಾಕ ಬಂದಿಲ್ರಿ ಅಮ್ಮಾ? ಬೀಜಾ ಕೆಟ್ಟಿದ್ವೇನ್ರಿ?” ಎಂದು ಕೇಳಿದಳು.

“ಬೀಜಾ ಛಲೋ ಇದ್ವು,” ಅಂದೆ. “ಅಲ್ಲಿ ನಮ್ಮ ಅಕ್ಕಾ ನೆನಪಾದ್ರವಾ.”